ಮಾಡ್ಯುಲಸ್ ಗೆರೆ ತೆಗೆದಾಗ ಆ ‘3’ ಎಲ್ಲಿಂದ ಬಂತು? ಮಗಳಿಗೆ ಹೇಗೆ ಹೇಳಲಿ?

ಮಂಡ್ಯದ ತಾಯಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಮೈಸೂರಿನಲ್ಲಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಬರುತ್ತಾಳೆ. ಮೊನ್ನೆಯ ಕಿರುಪರೀಕ್ಷೆಯಲ್ಲಿ |2ಕ್ಷ − 6| ಅನ್ನು ಮಾಡ್ಯುಲಸ್ (ಧನ ಋಣ ನೋಡದೆ ಸಂಖ್ಯೆ ಎಷ್ಟು ದೊಡ್ಡದು ಎಂಬುದು) ಸೂಚಿಸುವ ನಿಂತ ಗೆರೆಗಳಿಲ್ಲದೆ ಭಾಗಭಾಗವಾಗಿ ಬರೆಯಿರಿ ಎಂದು ಕೇಳಿದ್ದರು. ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ನಾನಿಲ್ಲಿ ‘ಕ್ಷ’ ಎಂದು ಬರೆಯುತ್ತಿದ್ದೇನೆ, ಕ್ಷ-ಕಿರಣ ಎನ್ನುತ್ತೇವಲ್ಲ, ಹಾಗೆ. ಅವಳು ಬರೆದದ್ದು ಇದು:

ಕ್ಷ ≥ 0 ಆದಾಗ, 2ಕ್ಷ − 6
ಕ್ಷ < 0 ಆದಾಗ, −2ಕ್ಷ + 6

ಮೇಲೆ ಕೆಂಪು ಗೀಟು, ಸೊನ್ನೆ ಅಂಕ. ಪಕ್ಕದಲ್ಲಿ ಒಂದು ಮಾತಿನ ವಿವರಣೆಯೂ ಇಲ್ಲ. ತಪ್ಪು ಎನ್ನುವುದು ನನಗೂ ಗೊತ್ತಾಯಿತು. ಕ್ಷ = 1 ಹಾಕಿದರೆ ಅವಳ ಮೊದಲ ಸಾಲು −4 ಕೊಡುತ್ತದೆ, ಮಾಡ್ಯುಲಸ್ ಎಂದೂ ಋಣವಾಗಲಾರದು. ಸರಿಯುತ್ತರದಲ್ಲಿ ಷರತ್ತು ಕ್ಷ ≥ 3 ಮತ್ತು ಕ್ಷ < 3 ಎಂದಿದೆ. ಆದರೆ ಮಗಳು ಪಟ್ಟು ಹಿಡಿದು ಕೇಳುತ್ತಿದ್ದಾಳೆ: “ಅಮ್ಮ, ಪುಸ್ತಕದ ನಿಯಮದಲ್ಲಿ ಕ್ಷ ≥ 0 ಎಂದೇ ಅಚ್ಚಾಗಿದೆ. ಇಲ್ಲಿ ಮಾತ್ರ 3 ಎಲ್ಲಿಂದ ಬಂತು?” ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ನನಗೆ ಪಿಯುಸಿ ಗಣಿತ ಬಿಟ್ಟು ಇಪ್ಪತ್ತೈದು ವರ್ಷವಾಯಿತು. ಉತ್ತರ ಬೇಡ, ಉತ್ತರ ಅವಳ ಹತ್ತಿರವಿದೆ. ಅವಳಿಗೆ ನಾಟುವಂಥ ಕಾರಣ ಬೇಕು.

ಹೂಟಗಳ್ಳಿ

ಗೆರೆಗಳ ಒಳಗಿರುವುದನ್ನು ಸೊನ್ನೆಗೆ ಸಮ ಮಾಡಿ. 2ಕ್ಷ − 6 = 0, ಆದ್ದರಿಂದ ಕ್ಷ = 3. ಅಷ್ಟೇ.

ಕೃಷ್ಣಮೂರ್ತಿಪುರಂ ಮೇಷ್ಟ್ರು

ಅಷ್ಟೇ ಎಂದರೆ ಆಗುವುದಿಲ್ಲ. ಮಗು ಕೇಳುತ್ತಿರುವುದು ‘ಹೇಗೆ’ ಎಂದಲ್ಲ, ‘ಏಕೆ’ ಎಂದು. ಈ ಒಂದು ಸಾಲಿನ ಸೂತ್ರವನ್ನು ಬಾಯಿಪಾಠ ಮಾಡಿಸಿಯೇ ನಾವು ಮಕ್ಕಳನ್ನು ಕೆಡಿಸುತ್ತಿರುವುದು.

ತಾಯಿ, ನಾನು ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಈ ತಪ್ಪನ್ನು ಪ್ರತಿ ವರ್ಷವೂ ನೋಡಿದ್ದೇನೆ. ಅದು ದಡ್ಡತನದ ತಪ್ಪಲ್ಲ, ನಿಯಮವನ್ನು ಅಕ್ಷರಶಃ ನಂಬಿದವರು ಮಾಡುವ ತಪ್ಪು. ಪುಸ್ತಕದ ನಿಯಮದಲ್ಲಿ ಬರುವ ಕ್ಷ ಎಂಬುದು ಒಂದು ಖಾಲಿ ಪೆಟ್ಟಿಗೆ. ಮಗಳಿಗೆ ಒಂದು ಹಾಳೆಯಲ್ಲಿ ಹೀಗೆ ಬರೆಯಲು ಹೇಳಿ:

|ಪೆಟ್ಟಿಗೆ| = ಪೆಟ್ಟಿಗೆ, ಪೆಟ್ಟಿಗೆ ≥ 0 ಆದಾಗ
|ಪೆಟ್ಟಿಗೆ| = −(ಪೆಟ್ಟಿಗೆ), ಪೆಟ್ಟಿಗೆ < 0 ಆದಾಗ

ಪೆಟ್ಟಿಗೆ ಎಂಬ ಮಾತು ನಾಲ್ಕು ಕಡೆ ಬಲಗಡೆ ಇದೆ, ಎರಡು ಕಡೆ ಎಡಗಡೆ ಇದೆ. ಒಟ್ಟು ಆರು. ಆರು ಕಡೆಯೂ 2ಕ್ಷ − 6 ಇಡಬೇಕು. ನಿಮ್ಮ ಮಗಳು ಷರತ್ತಿನಲ್ಲಿದ್ದ ಎರಡು ಪೆಟ್ಟಿಗೆಗಳನ್ನು ಬದಲಿಸದೆ ಬಿಟ್ಟಿದ್ದಾಳೆ. ಬದಲಿಸಿದರೆ ಷರತ್ತು ‘2ಕ್ಷ − 6 ≥ 0’ ಎಂದಾಗುತ್ತದೆ. ಆ ಅಸಮತೆಯನ್ನು ಬಿಡಿಸಿದರೆ ಕ್ಷ ≥ 3. ಮೂರು ಹೊರಗಿನಿಂದ ಬಂದದ್ದಲ್ಲ, ಒಳಗೇ ಇತ್ತು.

ಇನ್ನೊಂದು ಅಭ್ಯಾಸ ಮಾಡಿಸಿ. ಉತ್ತರ ಬರೆದ ಮೇಲೆ ಪ್ರತಿ ಭಾಗದಿಂದಲೂ ಒಂದು ಸಂಖ್ಯೆ ಆರಿಸಿ ಎರಡೂ ಕಡೆ ಹಾಕಿ ನೋಡಲಿ. ನೀವು 1 ಹಾಕಿ ನೋಡಿದಿರಲ್ಲ, ಅದೇ ಸರಿಯಾದ ದಾರಿ.

ಪ್ರಥಮ ಪಿಯು, ಮೈಸೂರು

ಸರ್, ನಾನೂ ಇದೇ ತರಗತಿಯ ವಿದ್ಯಾರ್ಥಿ. ನನಗೆ ಇದಕ್ಕಿಂತ ಮೊದಲೇ ತೊಡಕು. ಮಾಡ್ಯುಲಸ್ ಯಾವಾಗಲೂ ಧನ ಎನ್ನುತ್ತಾರೆ. ಎರಡನೇ ಸಾಲಿನಲ್ಲಿ −ಕ್ಷ ಎಂದು ಬರೆಯುತ್ತಾರೆ. ಮೈನಸ್ ಕಣ್ಣ ಮುಂದೆಯೇ ಇರುವಾಗ ಅದು ಧನ ಹೇಗಾಯಿತು?

ಮಂಡ್ಯದ ತಾಯಿ

ಇದನ್ನು ಮಗಳೂ ಕೇಳಿದ್ದಳು!

ಕೃಷ್ಣಮೂರ್ತಿಪುರಂ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದೆಯಪ್ಪ. ಮೈನಸ್ ಚಿಹ್ನೆ ‘ಇದು ಋಣ ಸಂಖ್ಯೆ’ ಎಂಬ ಹಣೆಪಟ್ಟಿಯಲ್ಲ. ಅಕ್ಷರದ ಮುಂದೆ ಬಂದಾಗ ಅದರ ಅರ್ಥ ‘ಚಿಹ್ನೆ ತಿರುಗಿಸು’ ಎಂದು. ಕ್ಷ = −7 ಆದರೆ −ಕ್ಷ ಎಂದರೆ −(−7), ಅಂದರೆ 7. ಎರಡನೇ ಸಾಲಿಗೆ ಕಾಲಿಡುವುದೇ ಋಣ ಸಂಖ್ಯೆಗಳು. ಅವನ್ನು ತಿರುಗಿಸಿದರೆ ಬರುವುದು ಧನವೇ. −ಕ್ಷ ಎಂಬುದನ್ನು ‘ಮೈನಸ್ ಕ್ಷ’ ಎಂದು ಓದಬೇಡ, ‘ಕ್ಷದ ವಿರುದ್ಧ’ ಎಂದು ಒಂದು ವಾರ ಓದಿ ನೋಡು.

ಹಳೆಯ ಲೆಕ್ಕ

ನಮ್ಮವರು ಇಟ್ಟ ಹೆಸರುಗಳಲ್ಲೇ ಇದಕ್ಕೆ ಉತ್ತರವಿದೆ. ಧನ ಎಂದರೆ ಕೈಯಲ್ಲಿರುವ ಹಣ, ಋಣ ಎಂದರೆ ಸಾಲ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಧನ, ಋಣ, ಸೊನ್ನೆಗಳನ್ನು ಕೂಡುವ ಕಳೆಯುವ ನಿಯಮ ಬರೆದಿಟ್ಟ. ಐನೂರು ರೂಪಾಯಿ ಸಾಲವಿದ್ದರೂ ಐನೂರು ರೂಪಾಯಿ ಉಳಿತಾಯವಿದ್ದರೂ ‘ಮೊತ್ತ ಎಷ್ಟು’ ಎಂದರೆ ಐನೂರು ಎನ್ನುತ್ತೇವೆ. ಆ ‘ಎಷ್ಟು’ ಎಂಬುದೇ ಮಾಡ್ಯುಲಸ್. ಕೊಡಬೇಕೋ ಬರಬೇಕೋ ಎಂಬುದು ಬೇರೆ ಪ್ರಶ್ನೆ. ತಾಯಿಯವರು ಲೆಕ್ಕ ಬರೆಯುವವರು, ಇದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲರು.

ಎರಡು ನಿಂತ ಗೆರೆಗಳ ಈ ಗುರುತು ಮಾತ್ರ ತೀರ ಈಚಿನದು. ಜರ್ಮನಿಯ ಕಾರ್ಲ್ ವೈಯರ್‌ಸ್ಟ್ರಾಸ್ 1841ರಲ್ಲಿ ಬಳಸಿದ್ದು.

ನಿತ್ಯ ಪ್ರಯಾಣಿಕ

ಪೆಟ್ಟಿಗೆಯ ವಿವರಣೆ ಸರಿಯಾಗಿದೆ, ಆದರೆ ಅದು ಕಣ್ಣಿಗೆ ಕಾಣಿಸುವುದಿಲ್ಲ. ಮಗಳು ರೈಲಿನಲ್ಲಿ ಓಡಾಡುತ್ತಾಳೆ ಎಂದಿರಿ. ಅಲ್ಲಿಂದಲೇ ಶುರು ಮಾಡಿ.

ಮೈಸೂರನ್ನು ಸೊನ್ನೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಕಡೆಗೆ ಹೊರಟರೆ ಶ್ರೀರಂಗಪಟ್ಟಣ ಸುಮಾರು 15ನೇ ಕಿಲೋಮೀಟರ್, ಮಂಡ್ಯ ಸುಮಾರು 45, ಮದ್ದೂರು ಸುಮಾರು 65. ಗಾಡಿ ‘ಕ್ಷ’ನೇ ಕಿಲೋಮೀಟರಿನಲ್ಲಿದೆ. ಮಂಡ್ಯ ಎಷ್ಟು ದೂರ? ಶ್ರೀರಂಗಪಟ್ಟಣದಲ್ಲಿದ್ದರೆ 45 − 15 = 30. ಮದ್ದೂರಿನಲ್ಲಿದ್ದರೆ 65 − 45 = 20. ಗಮನಿಸಿ, ಕಳೆಯುವ ಕ್ರಮ ತಿರುಗಿತು. ಮಂಡ್ಯ ತಲಪುವವರೆಗೆ 45 − ಕ್ಷ, ಮಂಡ್ಯ ದಾಟಿದ ಮೇಲೆ ಕ್ಷ − 45. ಇದೇ |ಕ್ಷ − 45|ರ ಎರಡು ಭಾಗ. ಲೆಕ್ಕ ತಿರುಗುವ ಜಾಗ ಮಂಡ್ಯ ನಿಲ್ದಾಣ, ಮೈಸೂರು ನಿಲ್ದಾಣವಲ್ಲ. ಷರತ್ತಿನಲ್ಲಿ ಸೊನ್ನೆ ಬರೆದರೆ ‘ಮೈಸೂರು ಬಿಟ್ಟ ಕೂಡಲೇ ಮಂಡ್ಯ ಹಿಂದೆ ಉಳಿಯಿತು’ ಎಂದು ಹೇಳಿದಂತಾಗುತ್ತದೆ.

ಮಂಡ್ಯದ ತಾಯಿ

ನಿತ್ಯ ಪ್ರಯಾಣಿಕರೇ, ಇದನ್ನು ಈಗಲೇ ಓದಿ ಹೇಳಿದೆ. ಮಗಳು ಊಟ ಬಿಟ್ಟು ಎದ್ದು ಹೋಗಿ ಪುಸ್ತಕ ತಂದಳು.

ಹೂಟಗಳ್ಳಿ

ಉದಾಹರಣೆ ಚೆನ್ನಾಗಿದೆ. ಆದರೆ ಪ್ರಶ್ನೆಯಲ್ಲಿರುವುದು |2ಕ್ಷ − 6|. ಅದು ಯಾವ ದೂರ?

ನಿತ್ಯ ಪ್ರಯಾಣಿಕ

2 ಅನ್ನು ಹೊರಗೆ ತೆಗೆಯಿರಿ: 2|ಕ್ಷ − 3|. ಮೂರರಿಂದ ಇರುವ ದೂರದ ಎರಡರಷ್ಟು. ನಕ್ಷೆ ಬರೆದರೆ ಆಕಾರ ಅದೇ, ಎರಡು ಕೈಗಳೂ ಹೆಚ್ಚು ಕಡಿದಾಗುತ್ತವೆ, ಮೊನೆ ಮಾತ್ರ ಮೂರರಲ್ಲೇ ಇರುತ್ತದೆ.

ಕೆಆರ್‌ಎಸ್ ಹತ್ತಿರದವನು

ನಮ್ಮ ಕನ್ನಂಬಾಡಿ ಕಟ್ಟೆಯನ್ನೂ ತೆಗೆದುಕೊಳ್ಳಬಹುದು. ಗರಿಷ್ಠ ಮಟ್ಟ 124.80 ಅಡಿ. ಇಂದಿನ ನೀರಿನ ಮಟ್ಟ ‘ಮ’ ಆದರೆ ತುಂಬಲು ಎಷ್ಟು ಬಾಕಿ ಎಂಬುದು |ಮ − 124.80|.

ಹೂಟಗಳ್ಳಿ

ಇದನ್ನು ಒಪ್ಪುವುದಿಲ್ಲ. ನೀರನ್ನು 124.80ಕ್ಕಿಂತ ಮೇಲೆ ನಿಲ್ಲಿಸುವುದೇ ಇಲ್ಲ, ಅಷ್ಟರಲ್ಲಿ ಗೇಟು ತೆರೆಯುತ್ತಾರೆ. ‘ಮ’ ಯಾವಾಗಲೂ 124.80 ಅಥವಾ ಅದಕ್ಕಿಂತ ಕಡಿಮೆ. ಆದ್ದರಿಂದ ಒಂದೇ ಭಾಗ ಸಾಕು: 124.80 − ಮ. ಇಲ್ಲಿ ಮಾಡ್ಯುಲಸ್ ಬೇಕಾಗಿಯೇ ಇಲ್ಲ.

ಕೆಆರ್‌ಎಸ್ ಹತ್ತಿರದವನು

ಮಾತು ಸರಿ, ಒಪ್ಪಿದೆ. ಆದರೆ ಅದೂ ಒಂದು ಪಾಠವೇ ಅಲ್ಲವೇ? ಕ್ಷ ಎಲ್ಲೆಲ್ಲಿ ಓಡಾಡಬಹುದು ಎಂದು ಮೊದಲೇ ತಿಳಿದಿದ್ದರೆ ಕೆಲವು ಭಾಗಗಳನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ. ‘ಕ್ಷ > 5 ಆದಾಗ |ಕ್ಷ − 2| ಸರಳೀಕರಿಸಿ’ ಎಂದು ಕೇಳಿದರೆ ಉತ್ತರ ಬರೀ ಕ್ಷ − 2. ಮಕ್ಕಳು ಅಲ್ಲಿಯೂ ಎರಡು ಸಾಲು ಬರೆದು ಬರುತ್ತಾರೆ.

ಪ್ರಥಮ ಪಿಯು, ಮೈಸೂರು

ಸಮ ಚಿಹ್ನೆ ಯಾವ ಸಾಲಿಗೆ ಸೇರಬೇಕು? ನಾನು ಕ್ಷ > 3 ಮತ್ತು ಕ್ಷ ≤ 3 ಎಂದು ಬರೆದಿದ್ದಕ್ಕೆ ಅರ್ಧ ಅಂಕ ಕಡಿತವಾಗಿದೆ.

ಹೂಟಗಳ್ಳಿ

ಪುಸ್ತಕದಲ್ಲಿ ಇರುವ ಹಾಗೆ ≥ ಮೊದಲ ಸಾಲಿಗೆ. ಪರೀಕ್ಷೆಯಲ್ಲಿ ವಾದ ಬೇಡ.

ಕೃಷ್ಣಮೂರ್ತಿಪುರಂ ಮೇಷ್ಟ್ರು

ವಾದ ಬೇಕೇ ಬೇಕು! ಆ ಅರ್ಧ ಅಂಕ ಕಳೆದದ್ದು ಅನ್ಯಾಯ. ಕ್ಷ = 3 ಆದಾಗ 2ಕ್ಷ − 6 ಸೊನ್ನೆ, −2ಕ್ಷ + 6 ಕೂಡ ಸೊನ್ನೆ. ಎರಡು ತುಂಡುಗಳೂ ಅಲ್ಲಿ ಕೈ ಹಿಡಿದು ನಿಂತಿವೆ. ಸಮ ಚಿಹ್ನೆಯನ್ನು ಮೇಲಿಟ್ಟರೂ ಸರಿ, ಕೆಳಗಿಟ್ಟರೂ ಸರಿ. ನಾನು ಮೌಲ್ಯಮಾಪನಕ್ಕೆ ಕೂತಾಗ ಎರಡಕ್ಕೂ ಪೂರ್ಣ ಅಂಕ ಕೊಟ್ಟಿದ್ದೇನೆ. ಎರಡು ಕಡೆಯೂ ಬಿಟ್ಟು ಕ್ಷ > 3, ಕ್ಷ < 3 ಎಂದಷ್ಟೇ ಬರೆದರೆ ಮಾತ್ರ ಕಳೆಯಬೇಕು, ಏಕೆಂದರೆ ಆಗ ಮೂರರಲ್ಲಿ ಬೆಲೆ ಏನೆಂದು ಹೇಳಿದಂತೆಯೇ ಆಗಲಿಲ್ಲ.

|ಕ್ಷ| ÷ ಕ್ಷ ಎಂಬುದರ ಕಥೆ ಬೇರೆ. ಅಲ್ಲಿ ಕ್ಷ > 0 ಆದರೆ 1, ಕ್ಷ < 0 ಆದರೆ −1, ಸೊನ್ನೆಯಲ್ಲಿ ಬೆಲೆಯೇ ಇಲ್ಲ. ಅಲ್ಲಿ ಸಮ ಚಿಹ್ನೆ ಹಾಕುವುದೇ ತಪ್ಪು. ಇವೆರಡರ ವ್ಯತ್ಯಾಸ ಗೊತ್ತಿರುವ ಹುಡುಗನಿಗೆ ಅಂಕ ಕೊಡಬೇಕು, ಪುಸ್ತಕದ ಸಾಲನ್ನು ನಕಲು ಮಾಡಿದವನಿಗೆ ಮಾತ್ರವಲ್ಲ.

ಹೂಟಗಳ್ಳಿ

ಮೇಷ್ಟ್ರೇ, ನಿಮ್ಮಂಥವರೇ ಎಲ್ಲ ಕಡೆ ತಿದ್ದುವುದಿಲ್ಲ. ಮಕ್ಕಳು ಅಂಕ ಕಳೆದುಕೊಳ್ಳಬಾರದು ಎಂಬ ಕಾಳಜಿಯಿಂದ ಹೇಳಿದೆ.

ಕೃಷ್ಣಮೂರ್ತಿಪುರಂ ಮೇಷ್ಟ್ರು

ಅರ್ಥವಾಗುತ್ತದೆ. ಆದರೂ ಆ ಹುಡುಗ ಉತ್ತರ ಪತ್ರಿಕೆ ಹಿಡಿದು ಹೋಗಿ ಗೌರವದಿಂದ ಕೇಳಲಿ. ಕೇಳಿದ್ದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಸರಸ್ವತಿಪುರಂ

ಸ್ವಲ್ಪ ಬೇರೆ ವಿಷಯ. 9ರ ವರ್ಗಮೂಲ ±3 ಎಂದು ನಾವು ಕಲಿತಿದ್ದೆವು. ಈಗಿನ ಪುಸ್ತಕದಲ್ಲಿ √9 = 3 ಎಂದಷ್ಟೇ ಇದೆ. ಯಾವುದು ಸರಿ?

ಹಳೆಯ ಲೆಕ್ಕ

ಎರಡೂ ಸರಿ, ಪ್ರಶ್ನೆಗಳು ಬೇರೆ ಬೇರೆ. ‘ಯಾವ ಸಂಖ್ಯೆಯ ವರ್ಗ 9?’ ಎಂದರೆ 3 ಮತ್ತು −3. ಹನ್ನೆರಡನೇ ಶತಮಾನದಲ್ಲಿ ಎರಡನೇ ಭಾಸ್ಕರ ಹೇಳಿದ್ದೂ ಅದನ್ನೇ: ಧನದ ಮೂಲ ಧನವೂ ಹೌದು, ಋಣವೂ ಹೌದು. ಅವನಿಗಿಂತ ಮುಂಚೆ, ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಋಣಕ್ಕೆ ವರ್ಗಮೂಲವೇ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದ. ಇಂದಿನ √ ಚಿಹ್ನೆ ಮಾತ್ರ ಋಣವಲ್ಲದ ಮೂಲವನ್ನಷ್ಟೇ ಸೂಚಿಸುತ್ತದೆ ಎಂಬುದು ಒಪ್ಪಂದ.

ಇದು ಬೇರೆ ವಿಷಯವೂ ಅಲ್ಲ. ಆ ಒಪ್ಪಂದದಿಂದಲೇ √(ಕ್ಷ²) ಎಂದರೆ ಕ್ಷ ಅಲ್ಲ, |ಕ್ಷ|. ಕ್ಷ = −5 ಹಾಕಿ ನೋಡಿ: ವರ್ಗ 25, ಅದರ ಮೂಲ 5. √(ಕ್ಷ²) = ಕ್ಷ ಎಂದು ಬರೆದು ಕಳೆದುಹೋದ ಅಂಕಗಳಿಗೆ ಲೆಕ್ಕವಿಲ್ಲ.

ಹೆಬ್ಬಾಳ ಕೈಗಾರಿಕಾ ಪ್ರದೇಶ

ನಾನು ಸಾಫ್ಟ್‌ವೇರ್ ಪರೀಕ್ಷಿಸುವವಳು. ಪ್ರಥಮ ಪಿಯುಸಿಯಲ್ಲಿ ‘ಇದು ಮುಂದೆ ಯಾವುದಕ್ಕೆ ಬೇಕು’ ಎಂದು ನಾನೂ ಕೇಳಿದ್ದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಎರಡು ಸಂಖ್ಯೆಗಳ ಅಂತರ ತೋರಿಸುವ ಜಾಗದಲ್ಲಿ ಋಣ ಸಂಖ್ಯೆ ಬಂದಿತ್ತು. ಮಾಡ್ಯುಲಸ್ ತೆಗೆದ ಮೇಲೂ ಋಣ! ಎರಡು ದಿನ ಹುಡುಕಿದೆವು. ಕಂಪ್ಯೂಟರ್ 32 ಬಿಟ್‌ಗಳಲ್ಲಿ (ಸೊನ್ನೆ ಅಥವಾ ಒಂದು ಹಿಡಿಸುವ 32 ಮನೆಗಳಲ್ಲಿ) ಇಡುವ ಪೂರ್ಣಾಂಕದಲ್ಲಿ ಹಿಡಿಸುವುದು −2147483648ರಿಂದ 2147483647ರವರೆಗೆ. ಋಣದ ಕಡೆ ಒಂದು ಹೆಚ್ಚು. ಆ ಕೊನೆಯ ಋಣ ಸಂಖ್ಯೆಯ ಚಿಹ್ನೆ ತಿರುಗಿಸಿದರೆ ಬರಬೇಕಾದ ಧನ ಸಂಖ್ಯೆಗೆ ಅಲ್ಲಿ ಜಾಗವೇ ಇಲ್ಲ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದು ತಿರುಗಿ ಅದೇ ಋಣ ಸಂಖ್ಯೆಯಾಗಿ ಕೂರುತ್ತದೆ. ‘ಕ್ಷ < 0 ಆದಾಗ −ಕ್ಷ’ ಎಂಬ ಸಾಲು ಮನಸ್ಸಿನಲ್ಲಿ ಗಟ್ಟಿಯಾಗಿದ್ದುದರಿಂದಲೇ ನನಗೆ ಅದು ಹೊಳೆಯಿತು.

ಮಂಡ್ಯದ ತಾಯಿ

ಮಗಳ ಎರಡನೇ ಪ್ರಯತ್ನ. ತಾನಾಗಿಯೇ |4 − 2ಕ್ಷ| ತೆಗೆದುಕೊಂಡಳು. ಒಳಗಿನದು ಸೊನ್ನೆಯಾಗುವುದು 2ರಲ್ಲಿ ಎಂದು ಕಂಡುಹಿಡಿದಳು. ಆಮೇಲೆ ಬರೆದಳು: ಕ್ಷ ≥ 2 ಆದಾಗ 4 − 2ಕ್ಷ, ಕ್ಷ < 2 ಆದಾಗ −4 + 2ಕ್ಷ. ಮೇಷ್ಟ್ರು ಹೇಳಿದಂತೆ 5 ಹಾಕಿದರೆ −6 ಬಂತು. ಈಗ ಅವಳ ಕಣ್ಣಲ್ಲಿ ನೀರು. ಎಲ್ಲಿ ತಪ್ಪಿದಳು?

ಕೃಷ್ಣಮೂರ್ತಿಪುರಂ ಮೇಷ್ಟ್ರು

ಅಳಬೇಡ ಎನ್ನಿ. ತಪ್ಪನ್ನು ತಾನೇ ಹಿಡಿದಳಲ್ಲ, ಅದು ಸಣ್ಣ ವಿಷಯವಲ್ಲ. ‘ಸೊನ್ನೆಗೆ ಸಮ ಮಾಡಿ’ ಎಂಬ ಸೂತ್ರವಷ್ಟೇ ಸಾಲದು ಎಂದು ನಾನು ಮೊದಲೇ ಹೇಳಿದ್ದು ಇದಕ್ಕೇ. ಸಮೀಕರಣ ಒಡೆಯುವ ಜಾಗವನ್ನು ತೋರಿಸುತ್ತದೆ, ಯಾವ ಕಡೆ ಯಾವ ತುಂಡು ಎಂದು ತೋರಿಸುವುದಿಲ್ಲ. ಅದಕ್ಕೆ ಅಸಮತೆಯನ್ನೇ ಬಿಡಿಸಬೇಕು:

4 − 2ಕ್ಷ ≥ 0
−2ಕ್ಷ ≥ −4
ಕ್ಷ ≤ 2

ಋಣ ಸಂಖ್ಯೆಯಿಂದ ಭಾಗಿಸಿದಾಗ ಅಸಮತೆಯ ಬಾಯಿ ತಿರುಗುತ್ತದೆ. ಆದ್ದರಿಂದ ಕ್ಷ ≤ 2 ಆದಾಗ 4 − 2ಕ್ಷ, ಕ್ಷ > 2 ಆದಾಗ 2ಕ್ಷ − 4.

ನಿತ್ಯ ಪ್ರಯಾಣಿಕ

ತಿರುಗಿಸುವ ತಾಪತ್ರಯ ಬೇಡವೆಂದರೆ |4 − 2ಕ್ಷ| ಅನ್ನು ಮೊದಲೇ |2ಕ್ಷ − 4| ಎಂದು ಬರೆದುಕೊಳ್ಳಲಿ. ಮಂಡ್ಯದಿಂದ ಮದ್ದೂರಿಗೂ ಮದ್ದೂರಿನಿಂದ ಮಂಡ್ಯಕ್ಕೂ ದೂರ ಒಂದೇ.

ಕನ್ನಡ ಮಾಧ್ಯಮ

ತಾಯಿಯವರೇ, ನಿಮ್ಮ ಮಗಳ ತೊಂದರೆ ಗಣಿತದ್ದು ಮಾತ್ರವಲ್ಲ. ಹತ್ತನೆಯವರೆಗೆ ಅಸಮತೆ, ವರ್ಗಮೂಲ, ಋಣ ಎಂದು ಕಲಿತ ಮಗುವಿಗೆ ಜೂನ್ ತಿಂಗಳಲ್ಲಿ ಏಕಾಏಕಿ ಎಲ್ಲವೂ ಇಂಗ್ಲಿಷ್. ನನಗೂ ಹಾಗೇ ಆಗಿತ್ತು. ಮೊದಲ ಮೂರು ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಪದ ಗೊತ್ತಿಲ್ಲದ್ದನ್ನು ಗಣಿತ ಗೊತ್ತಿಲ್ಲ ಎಂದು ನಾನೇ ತಿಳಿದುಕೊಂಡಿದ್ದೆ. ಒಂದು ನೋಟ್ ಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ ಬರೆಯಲಿ. ನಾನು ಉಳಿದುಕೊಂಡದ್ದು ಆ ಪುಸ್ತಕದಿಂದ.

ಸರಸ್ವತಿಪುರಂ

ಯಾವ ಕನ್ನಡ ಪದ? ಫಂಕ್ಷನ್‌ಗೆ ಒಬ್ಬರು ಫಲನ ಎನ್ನುತ್ತಾರೆ, ಇನ್ನೊಬ್ಬರು ಉತ್ಪನ್ನ ಎನ್ನುತ್ತಾರೆ. ಮಾಡ್ಯುಲಸ್‌ಗೆ ನಿರಪೇಕ್ಷ ಬೆಲೆ, ಕೇವಲ ಬೆಲೆ, ಪರಮ ಮೌಲ್ಯ.

ಕನ್ನಡ ಮಾಧ್ಯಮ

ಯಾವುದಾದರೂ ಒಂದನ್ನು ಹಿಡಿದರೆ ಸಾಕು. ಅರ್ಥ ಮನಸ್ಸಿಗೆ ಇಳಿಯುವುದು ಮುಖ್ಯ, ಪದ ಆಮೇಲೆ ಬದಲಾಗಬಹುದು. ನನಗೆ ‘ನಿರಪೇಕ್ಷ’ ಇಷ್ಟ. ದಿಕ್ಕನ್ನು ಲೆಕ್ಕಿಸದ ಬೆಲೆ.

ಪಾಂಡವಪುರದ ರೈತ

ಓದುತ್ತಾ ಓದುತ್ತಾ ಇಲ್ಲಿಯವರೆಗೆ ಬಂದೆ. ನಮ್ಮ ಕಡೆ ನಡೆದದ್ದನ್ನು ಹೇಳುತ್ತೇನೆ. ಒಂದೇ ನೇರ ರಸ್ತೆಯ ಮೇಲೆ ಮೂರು ಮನೆಗಳು. ಹಾಲಿನ ಕ್ಯಾನ್ ಇಡುವ ಜಾಗ ಎಲ್ಲಿರಬೇಕು ಎಂದು ಜಗಳ. ಲೆಕ್ಕಕ್ಕೆ ಸುಲಭವಾಗಲೆಂದು ಮನೆಗಳು ರಸ್ತೆಯ 1, 4, 9ನೇ ಗುರುತಿನಲ್ಲಿವೆ ಎನ್ನೋಣ. ಮೂವರ ನಡಿಗೆಯೂ ಸೇರಿ ಕಡಿಮೆಯಾಗಬೇಕು. ಎಲ್ಲರೂ ಸರಾಸರಿ ತೆಗೆಯಿರಿ ಎಂದರು. ಡಿಗ್ರಿ ಓದುತ್ತಿದ್ದ ನನ್ನ ತಮ್ಮ ಮಾತ್ರ ಬೇಡ, ನಡುವಿನ ಮನೆಯ ಬಾಗಿಲಲ್ಲೇ ಇಡಿ ಎಂದ. ಯಾರೂ ನಂಬಲಿಲ್ಲ. ಅವನು ಹೇಳಿದ್ದು ಸರಿಯೇ?

ನಿತ್ಯ ಪ್ರಯಾಣಿಕ

ನೂರಕ್ಕೆ ನೂರು ಸರಿ! ಬಹಳ ಒಳ್ಳೆಯ ಲೆಕ್ಕ ತಂದಿರಿ. ಒಟ್ಟು ನಡಿಗೆ |ಕ್ಷ − 1| + |ಕ್ಷ − 4| + |ಕ್ಷ − 9|. ಮೂರು ಕಡೆ ಒಡೆಯುತ್ತದೆ, ಆದ್ದರಿಂದ ನಾಲ್ಕು ತುಂಡು:

ಕ್ಷ < 1: 14 − 3ಕ್ಷ
1 ≤ ಕ್ಷ < 4: 12 − ಕ್ಷ
4 ≤ ಕ್ಷ < 9: ಕ್ಷ + 4
ಕ್ಷ ≥ 9: 3ಕ್ಷ − 14

ಮೊದಲ ಎರಡು ತುಂಡು ಇಳಿಯುತ್ತವೆ, ಕೊನೆಯ ಎರಡು ಏರುತ್ತವೆ. ತಳ ಇರುವುದು 4ರಲ್ಲಿ, ಒಟ್ಟು ನಡಿಗೆ 8. ಸರಾಸರಿ 14/3, ಅಲ್ಲಿಟ್ಟರೆ ಒಟ್ಟು 26/3, ಅಂದರೆ ಎಂಟೂವರೆಗಿಂತ ಹೆಚ್ಚು. ಕೊನೆಯ ಮನೆ 9ರ ಬದಲು 90ರಲ್ಲಿದ್ದರೂ ಜಾಗ ನಾಲ್ಕೇ.

ಪಾಂಡವಪುರದ ರೈತ

90ರಲ್ಲಿರುವವನಿಗೆ ಅದು ನ್ಯಾಯವೇ?

ನಿತ್ಯ ಪ್ರಯಾಣಿಕ

ಅಲ್ಲದಿರಬಹುದು. ಈ ಲೆಕ್ಕ ಒಟ್ಟು ನಡಿಗೆಯನ್ನು ಮಾತ್ರ ನೋಡುತ್ತದೆ. ಅತಿ ದೂರ ನಡೆಯುವವನ ನಡಿಗೆ ಕಡಿಮೆಯಾಗಬೇಕೆಂದರೆ ಎರಡು ತುದಿಗಳ ನಟ್ಟ ನಡುವೆ ಇಡಬೇಕು. ಯಾವುದು ಬೇಕೆಂದು ತೀರ್ಮಾನಿಸಬೇಕಾದವರು ಮೂರು ಮನೆಯವರು.

ಪ್ರಥಮ ಪಿಯು, ಮೈಸೂರು

|ಕ್ಷ² − 4| ಹೇಗೆ? ಅಲ್ಲಿ ಒಳಗೆ ಎರಡು ಕಡೆ ಸೊನ್ನೆ ಬರುತ್ತದೆ, 2 ಮತ್ತು −2.

ಕೃಷ್ಣಮೂರ್ತಿಪುರಂ ಮೇಷ್ಟ್ರು

ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಿಂತದ್ದನ್ನು ನೆನಪಿಸಿಕೋ. ನೀರಿನ ಅಂಚೇ ಅಡ್ಡ ಅಕ್ಷ. ಒಳಗಿನ ಫಂಕ್ಷನ್ನಿನ ನಕ್ಷೆ ನೀರಿನ ಮೇಲಿರುವಷ್ಟು ಭಾಗವನ್ನು ಮುಟ್ಟಬೇಡ. ನೀರಿನ ಕೆಳಗೆ ಇಳಿದ ಭಾಗವನ್ನು ಪ್ರತಿಬಿಂಬದ ಹಾಗೆ ಮೇಲಕ್ಕೆ ಮಡಚು. ಕ್ಷ² − 4 ಕೆಳಗಿಳಿಯುವುದು −2ಕ್ಕೂ 2ಕ್ಕೂ ನಡುವೆ. ಅಲ್ಲಿ 4 − ಕ್ಷ². ಉಳಿದ ಎರಡು ಬದಿಯಲ್ಲಿ, ಅಂದರೆ ಕ್ಷ ≤ −2 ಅಥವಾ ಕ್ಷ ≥ 2 ಆದಾಗ, ಕ್ಷ² − 4 ಇದ್ದಂತೆಯೇ. ಕ್ಷ = 0 ಹಾಕಿ ಪರೀಕ್ಷಿಸು, 4 ಬರಬೇಕು.

ಮಂಡ್ಯದ ತಾಯಿ

ಮಗಳೇ ಈಗ ನನ್ನ ಮೊಬೈಲ್ ಕಿತ್ತುಕೊಂಡು ಬರೆಯುತ್ತಿದ್ದಾಳೆ. ಮುಂದಿನ ಸಾಲು ಅವಳದು.

ಎಲ್ಲರಿಗೂ ವಂದನೆಗಳು. ರೈಲಿನ ಉದಾಹರಣೆ ಹಿಡಿದು |2ಕ್ಷ − 6|, |4 − 2ಕ್ಷ| ಎರಡನ್ನೂ ಮತ್ತೆ ಮಾಡಿದೆ, ಸರಿ ಬಂತು. ಗೆರೆಯೊಳಗೆ ಇನ್ನೊಂದು ಗೆರೆ ಇದ್ದರೆ? ||ಕ್ಷ| − 2| ಪ್ರಯತ್ನಿಸಿದ್ದೇನೆ. ಮೊದಲು ಒಳಗಿನದನ್ನು ಸೊನ್ನೆಯಲ್ಲಿ ಒಡೆದೆ, ಆಮೇಲೆ ಹೊರಗಿನದನ್ನು:

ಕ್ಷ < −2: −ಕ್ಷ − 2
−2 ≤ ಕ್ಷ < 0: ಕ್ಷ + 2
0 ≤ ಕ್ಷ < 2: 2 − ಕ್ಷ
ಕ್ಷ ≥ 2: ಕ್ಷ − 2

−3, −1, 1, 5 ಹಾಕಿ ನೋಡಿದೆ. 1, 1, 1, 3 ಬಂತು. ಸರಿಯೇ ಮೇಷ್ಟ್ರೇ?

ಕೃಷ್ಣಮೂರ್ತಿಪುರಂ ಮೇಷ್ಟ್ರು

ನಾಲ್ಕೂ ತುಂಡು ಸರಿ ಮಗಳೇ. ಈಗ ನಕ್ಷೆ ಬರೆ. ಮೂರು ಕಡೆ ಮೊನೆ ಬರುತ್ತದೆ, ಎರಡು ಕೆಳಕ್ಕೆ, ಒಂದು ಮೇಲಕ್ಕೆ. ಬಂತೇ?

ಮಂಡ್ಯದ ತಾಯಿ

ಬಂತು.